ಬಣ್ಣ ಬಿಡದ ಕಲ್ಲು

ಮಧುಶ್ರೀ ದಾರದ ತುದಿಯನ್ನು ಉಂಗುರದ ಕೆಳಗೆ ತೂರಿಸಿ, ಉಳಿದ ದಾರವನ್ನು ಅವ್ವನ ಬೆರಳಿಗೆ ಒತ್ತೊತ್ತಾಗಿ ಸುತ್ತತೊಡಗಿದಳು. ಉಂಗುರದ ಪಕ್ಕದಿಂದ ಗೆಣ್ಣು ದಾಟಿ ಉಗುರಿನವರೆಗೂ ಸುತ್ತಿಗೆ ಸುತ್ತು ಅಂಟಿಕೊಂಡಿರಬೇಕು, ನಡುವೆ ಚರ್ಮ ಕಾಣಬಾರದು. ಆಮೇಲೆ ಕೆಳಗಿನ ತುದಿ ಹಿಡಿದು ಬಿಚ್ಚುತ್ತ ಬಂದರೆ ಎಂಥ ಊದಿದ ಬೆರಳಿನಿಂದಲೂ ಉಂಗುರ ತಾನಾಗಿ ಜಾರಿ ಬರುತ್ತದೆ. ಈ ಉಪಾಯ ಹೇಳಿಕೊಟ್ಟವಳು ಅವ್ವನೇ. ಹೇಳಿಕೊಡುವಾಗ ಒಂದು ದಿನ ಇದು ತನ್ನ ಬೆರಳಿಗೇ ಬರುತ್ತದೆಂದು ಶಿವರತ್ನಮ್ಮ ಎಣಿಸಿರಲಿಲ್ಲ, ಪಾಪ.

"ಕೈ ಅಡ್ಡ ಮಡಗಬ್ಯಾಡ ಕಣವ್ವ. ಎಲ್ರುಗೂ ಕಾಣಂಗೆ ಬಿಚ್ಚು," ಅಂದಳು ಪುಟ್ಟಮಲ್ಲಮ್ಮ.

ಪುಟ್ಟಮಲ್ಲಮ್ಮ ಸತ್ತವಳ ಓರಗಿತ್ತಿ, ಮಧುಶ್ರೀಗೆ ದೊಡ್ಡವ್ವ. ಎಪ್ಪತ್ತೆಂಟು ವರ್ಷ, ಎರಡೂ ಮಂಡಿ ಹೋಗಿವೆ. ಇಪ್ಪತ್ತೆರಡು ವರ್ಷದಿಂದ ಈ ಮನೆಯ ಅಂಗಳ ತುಳಿಯದವಳು ಇವತ್ತು ಬೆಳಿಗ್ಗೆ ಏಳಕ್ಕೆಲ್ಲ ಬಂದು, ಪ್ಲಾಸ್ಟಿಕ್ ಕುರ್ಚಿಯನ್ನು ಹೆಣದ ಎದುರಿಗೇ ಹಾಕಿಸಿಕೊಂಡು ಕೂತಿದ್ದಳು. ಅಳುವುದಕ್ಕಂತೂ ಬಂದಿರಲಿಲ್ಲ. ಬಂದಾಗಿನಿಂದ ಅವಳ ಕಣ್ಣು ಸತ್ತವಳ ಮುಖದ ಮೇಲೆ ಒಂದು ಸಲವೂ ನಿಂತಿರಲಿಲ್ಲ, ಬಲಗೈಯ ಉಂಗುರ ಬಿಟ್ಟು ಆಚೀಚೆ ಸರಿದಿರಲಿಲ್ಲ.

ಅವಳ ಮಗ ಗುರುಪ್ರಕಾಶ್ ಮೊಬೈಲ್ ಎತ್ತಿ ಹಿಡಿದು ವಿಡಿಯೊ ಮಾಡುತ್ತಿದ್ದ. "ಬೇಜಾರು ಮಾಡ್ಕಬ್ಯಾಡ ಮಧು. ಆಮೇಲೆ ಮಾತು ಬರಬಾರ್ದು ಅಂತ ಅವ್ವ ಯೋಳವ್ಳೆ," ಅಂದ. ಅವನಿಗೂ ನಾಚಿಕೆಯಾಗಿತ್ತು, ಆದರೆ ಮೊಬೈಲ್ ಇಳಿಸಲಿಲ್ಲ.

ಜಗಲಿಯ ಗೋಡೆಗೆ ಒರಗಿಸಿ ಶಿವರತ್ನಮ್ಮನನ್ನು ಕೂರಿಸಿದ್ದರು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂತವರನ್ನು ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ, ತಲೆ ವಾಲದಂತೆ ಗದ್ದಕ್ಕೊಂದು ಬಟ್ಟೆ. ಭಜನೆಯವರು ತಾಳ ನಿಲ್ಲಿಸಿ ಉಂಗುರ ನೋಡುತ್ತಿದ್ದರು. ಮಾಂಬಳ್ಳಿಯ ಅರ್ಧ ಊರೇ ಅಂಗಳದಲ್ಲಿತ್ತು, ಅಷ್ಟೂ ಜನಕ್ಕೆ ಅದೇ ನೋಟ. ಸತ್ತವಳು ಎಪ್ಪತ್ತೊಂದು ವರ್ಷ ಬದುಕಿದ್ದಳು, ಬೆಳ್ಳಿಗೆ ಕಲ್ಲು ಕೂರಿಸಿ ಮಗಳನ್ನು ಸಾಕಿದ್ದಳು. ಅದು ಯಾರಿಗೂ ನೆನಪಿರಲಿಲ್ಲ. ಉಂಗುರ ಬರುತ್ತದೋ ಇಲ್ಲವೋ, ಬಂದರೆ ಮಗಳು ಅದನ್ನು ಸೆರಗಿಗೆ ಕಟ್ಟಿಕೊಂಡುಬಿಡುತ್ತಾಳೋ ಎಂಬುದಷ್ಟೇ ಎಲ್ಲರ ಚಿಂತೆ.

ಉಂಗುರ ಬಂತು. ಹುಣಸೆ ಬೀಜದಷ್ಟು ದೊಡ್ಡ ಪಿರೋಜ ಕಲ್ಲು, ಮಳೆ ಹೊಯ್ದು ನಿಂತ ಆಕಾಶದ ನೀಲಿ.

"ಇತ್ತ ತಾ," ಅಂದು ಪುಟ್ಟಮಲ್ಲಮ್ಮ ಅಂಗೈ ಚಾಚಿದಳು.

"ಇದು ಅವ್ವನ್ದು ದೊಡ್ಡವ್ವ. ನಿಮ್ ಕಲ್ಲು ನಿಮ್ ಕತ್ತಿನ ಪದಕದಲ್ಲೇ ಅದಲ್ಲ."

"ನನ್ ಕತ್ತಲ್ಲಿರದು ಪಾಚಿ ಹಿಡಿದಿರೋ ಬೆಣಚುಕಲ್ಲು. ನನ್ ಕಲ್ಲು ಅದು, ನಿನ್ ಕೈಲಿರದು. ನಿಮ್ಮವ್ವ ಬದಲಾಯ್ಸಿ ಮಡಿಕಂಡ್ಳು. ಬದುಕಿರೋಗಂಟ ಬಾಯ್ಬುಡ್ನಿಲ್ಲ, ಇನ್ನು ಅವಳು ಬುಡದೂ ಇಲ್ಲ." ಪುಟ್ಟಮಲ್ಲಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. "ಈಗ ಯೋಳ್ಬುಡ್ತೀನಿ ಕೇಳ್ಕಳಿ ಎಲ್ರೂ. ನನ್ ಕಲ್ಲು ನನ್ ಕೈ ಸೇರೋಗಂಟ ಇವಳ ನಮ್ ಹೊಲದಲ್ಲಿ ಇಳ್ಸಕ್ಕೆ ನಾನು ಬುಡಕಿಲ್ಲ."

ಹೊಲ ದೊಡ್ಡವ್ವನ ಮನೆಯವರ ಪಾಲಿನದೇ. ಆದರೆ ಅದರ ಮೂಲೆಯಲ್ಲಿ ಮಧುಶ್ರೀಯ ಅಪ್ಪನನ್ನು ಇಟ್ಟು ಮೂವತ್ತೆರಡು ವರ್ಷವಾಗಿತ್ತು. ಅವನ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟಿದ್ದರು. ಅಲ್ಲಿ ಬೆಳಿಗ್ಗೆಯಿಂದ ಗುಂಡಿ ತೋಡುತ್ತಿದ್ದರು. ಅವ್ವನಿಗೆ ಬೇರೆ ಏನೂ ಬೇಕಿರಲಿಲ್ಲ, ಆ ಜಾಗ ಒಂದೇ. ಉಂಗುರ ಕೊಟ್ಟುಬಿಟ್ಟರೆ ಜಾಗ ಸಿಗುತ್ತದೆ. ಕೊಟ್ಟರೆ ಅವ್ವ ಕಳ್ಳಿಯೆಂದು ಮಗಳೇ ಒಪ್ಪಿಕೊಂಡ ಹಾಗಾಗುತ್ತದೆ, ಅದೂ ವಿಡಿಯೊದಲ್ಲಿ. ಮಧುಶ್ರೀ ಉಂಗುರವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

"ಮುಷ್ಟಿ ಬುಡ್ಸು! ಮುಷ್ಟಿ ಬುಡ್ಸು!" ಅಂದರು ಹಿಂದಿನಿಂದ ಯಾರೋ.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ರುದ್ರಸ್ವಾಮಿ ಆಕಾಶ ನೋಡಿದರು. "ಹೊತ್ತು ಇಳಿಯದ್ರೊಳಗೆ ಮುಗಿಸ್ಬೇಕು ತಾಯಿ. ಅದೇನು ತೀರ್ಮಾನ ಮಾಡ್ಕೋತಿರೋ ಬೇಗ ಮಾಡ್ಕಳಿ," ಅಂದು ವಿಭೂತಿ ಗಟ್ಟಿಗಳನ್ನು ಎಣಿಸಲು ಹೋದರು.

*

ಶಿವರತ್ನಮ್ಮ ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದವಳಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಷಡಕ್ಷರಿಯ ಜೊತೆ ಹನೂರಿನಲ್ಲಿ ಸಂಸಾರ ಹೂಡಿದ್ದಳು. ಅವನಿಗೆ ಒಡೆಯರಪಾಳ್ಯದ ಟಿಬೆಟ್ ಕ್ಯಾಂಪಿನಲ್ಲಿ ಗೋದಾಮು ನೋಡಿಕೊಳ್ಳುವ ಕೆಲಸ. ಮನೆಯಲ್ಲಿ ಒಬ್ಬಳೇ ಕೂತು ಬೇಜಾರಾಗಿ ಅವನ ಜೊತೆ ಬಸ್ಸು ಹತ್ತುತ್ತಿದ್ದಳು. ಕ್ಯಾಂಪಿನಲ್ಲೊಬ್ಬ ಮುದುಕ ಬೆಳ್ಳಿಗೆ ನೀಲಿ ಕಲ್ಲು ಕೂರಿಸುತ್ತಿದ್ದ. ಅವನಿಗೆ ಕನ್ನಡ ಬರದು, ಇವಳಿಗೆ ಅವನ ಮಾತು ಬರದು. ನಾಲ್ಕು ವರ್ಷ ಅವನ ಕೈ ನೋಡುತ್ತ ಕೂತಳು. ಐದನೆಯ ವರ್ಷ ಮುದುಕ ತನ್ನ ಊದುಗೊಳವೆಯನ್ನು ಒರೆಸಿ ಇವಳ ಕೈಗೆ ಕೊಟ್ಟ. ಅಷ್ಟೇ ಅವಳ ಪರೀಕ್ಷೆ, ಅಷ್ಟೇ ಸರ್ಟಿಫಿಕೇಟು.

ಒಮ್ಮೆ ಮಾವ ಹಿರಿಮಗನ ಜೊತೆ ಕಿರಿಮಗನನ್ನು ನೋಡಲು ಬಂದವರು ಕ್ಯಾಂಪಿನಲ್ಲಿ ನೆಲ್ಲಿಕಾಯಿ ಗಾತ್ರದ ಪಿರೋಜ ಕಲ್ಲೊಂದನ್ನು ಕೊಂಡರು. ಮುದುಕನ ಕೈಯಲ್ಲಿ ಅದನ್ನು ಸರಿಯಾಗಿ ಎರಡು ಮಾಡಿಸಿ, ಹಿರಿಸೊಸೆಗೆ ಪದಕ, ಕಿರಿಸೊಸೆಗೆ ಉಂಗುರ ಕಟ್ಟಿಸಿದರು. "ಒಂದೇ ಕಲ್ಲು ಕಣ್ರವ್ವ. ಇಬ್ರೂ ಜಗಳ ಆಡಬ್ಯಾಡಿ," ಅಂದಿದ್ದರಂತೆ. ದೊಡ್ಡವರು ಏನೋ ಒಳ್ಳೆಯದು ಮಾಡಲು ಹೋಗುತ್ತಾರೆ, ಏನು ಮಾಡುವುದು.

ಷಡಕ್ಷರಿ ಹಾವು ಕಚ್ಚಿ ಸತ್ತ ಮೇಲೆ ಅವಳು ಆರು ವರ್ಷದ ಮಗಳನ್ನು ಕಟ್ಟಿಕೊಂಡು ಮಾಂಬಳ್ಳಿಗೆ ಬಂದು, ತನ್ನ ಪಾಲಿನ ಎರಡು ಅಂಕಣದಲ್ಲಿ ಕೆಲಸದ ಹಲಗೆ ಹಾಕಿಕೊಂಡು ಕೂತಳು. ಲಿಂಗಾಯತರ ಹೆಂಗಸು ಬೆಂಕಿ ಊದುತ್ತ ಕೂತದ್ದನ್ನು ನೋಡಿ ಊರು ಮೊದಲು ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ಓಲೆ ತಂದರು, ಕಾಲುಂಗುರ ತಂದರು, ಲಿಂಗ ಇಡುವ ಬೆಳ್ಳಿ ಕರಡಿಗೆಯ ಬಾಯಿ ಸರಿಮಾಡಲು ತಂದರು. ನಗುವವರು ಕಡಿಮೆಯಾದರು.

ಆಗಲೇ ಪುಟ್ಟಮಲ್ಲಮ್ಮನ ಪದಕದ ಕಲ್ಲು ಬಣ್ಣ ತಿರುಗಿತು. ಮೊದಲು ಅಂಚಿನಲ್ಲಿ, ಆಮೇಲೆ ಪೂರ್ತಿ. ನೀಲಿ ಹೋಗಿ ಹಳೇ ಬಾವಿ ನೀರಿನ ಹಸಿರಾಯಿತು. ಒಂದು ದಿನ ನಲ್ಲಿಯ ಹತ್ತಿರ ಹತ್ತು ಜನರ ಎದುರು ಅವಳು ಓರಗಿತ್ತಿಯ ಕೈ ಹಿಡಿದು ಎತ್ತಿದಳು.

"ಒಂದೇ ಕಲ್ಲು ತಾನೆ? ನಂದು ಇಂಗಾಯ್ತು. ನಿಂದು ಎಂಗೆ ನೀಲಿಯಾಗೇ ಅದೆ?"

"ಮೈ ಬೆವರು, ಅರಿಶಿನ, ಎಣ್ಣೆ ಎಲ್ಲ ಕುಡಿದು ಇದು ಬಣ್ಣ ತಿರುಗ್ತದೆ ಅಕ್ಕ. ಕಲ್ಲಿನ ಗುಣವೇ ಅಂಗೆ."

"ನಿನ್ ಕಲ್ಲಿಗೆ ಬಾಯಾರಕಿಲ್ವಾ?"

ಶಿವರತ್ನಮ್ಮ ಬಾಯಿ ತೆರೆದಳು, ಮುಚ್ಚಿದಳು. ಕೊಡ ಎತ್ತಿಕೊಂಡು ಹೋಗಿಬಿಟ್ಟಳು. ಆ ಮೌನ ಸಾಕಾಯಿತು. ಮಾತಾಡಿದವರನ್ನು ಊರು ಅರ್ಧ ನಂಬುತ್ತದೆ, ಸುಮ್ಮನಿದ್ದವರನ್ನು ಪೂರ್ತಿ ಅನುಮಾನಿಸುತ್ತದೆ. ಮಾರನೆಯ ದಿನದಿಂದ ಒಡವೆ ತರುವವರು ಹಲಗೆಯ ಪಕ್ಕದಲ್ಲೇ ಕೂತು, ಅವಳ ಕೈಯಿಂದ ಕಣ್ಣು ಕೀಳದೆ, ಕೆಲಸ ಮುಗಿಯುವವರೆಗೆ ಕಾಯತೊಡಗಿದರು. ವರ್ಷ ಕಳೆಯುವುದರಲ್ಲಿ ಅವರೂ ಬರಲಿಲ್ಲ. ಕ್ಯಾಂಪಿನವರು, ಕೊಳ್ಳೇಗಾಲದ ಎರಡು ಅಂಗಡಿಯವರು ಕೊಟ್ಟ ಕೆಲಸದಲ್ಲಿ ಅವಳು ಜೀವನ ತೆಗೆದಳು. ಮಗಳು ದೊಡ್ಡವಳಾಗಿ, ಮದುವೆಯಾಗಿ, ಬಸ್ ಕಂಡಕ್ಟರ್ ಗಂಡನನ್ನು ಒಪ್ಪಿಸಿ ಅದೇ ಮನೆಗೆ ಬಂದು, ಅವ್ವನ ಪಕ್ಕದಲ್ಲಿ ಇನ್ನೊಂದು ಹಲಗೆ ಹಾಕಿಕೊಂಡಳು.

"ಯಾಕವ್ವ ಸುಮ್ಕೆ ಇದ್ದೆ ಅವತ್ತು?" ಎಂದು ಮಧುಶ್ರೀ ಎಷ್ಟೋ ಸಲ ಕೇಳಿದ್ದಳು.

"ಅರಿಯದವರ ತಾವ ಏನ್ ಮಾತು? ನೀನು ಕೆಲಸ ನೋಡು," ಅನ್ನುತ್ತಿದ್ದಳು ಅವ್ವ.

*

ಹನ್ನೊಂದು ಗಂಟೆಗೆ ಕೊಳ್ಳೇಗಾಲದ ಕಡೆಯಿಂದ ಬಂದ ಆಟೋದಿಂದ ಒಬ್ಬ ಮುದುಕಿ ಇಳಿದಳು. ಕಾಲು ಮುಟ್ಟುವ ಉದ್ದ ಅಂಗಿ, ಸೊಂಟಕ್ಕೆ ಪಟ್ಟೆಪಟ್ಟೆ ಬಟ್ಟೆ, ಕಿವಿಯಲ್ಲಿ ಹಸಿರು ಕಲ್ಲಿನ ಓಲೆ. ಒಡೆಯರಪಾಳ್ಯದ ಕ್ಯಾಂಪಿನ ಡೋಲ್ಮಾ, ಅವ್ವನ ಹಳೇ ಗೆಳತಿ. ಕೋಳಿ ಕೂಗುವ ಹೊತ್ತಿಗೆ ಹೊರಟು ಹನೂರು, ಕೊಳ್ಳೇಗಾಲ ಎಂದು ಮೂರು ಬಸ್ಸು ಬದಲಾಯಿಸಿ ಬಂದಿದ್ದಳು. ಯಾರನ್ನೂ ಕೇಳದೆ ಜಗಲಿ ಹತ್ತಿ, ತಮ್ಮವರ ಪದ್ಧತಿಯಂತೆ ಶಿವರತ್ನಮ್ಮನ ಕೊರಳಿಗೆ ಬಿಳಿ ಶಾಲು ಹಾಕಿ, ಅವಳ ಹಣೆಗೆ ತನ್ನ ಹಣೆ ತಾಗಿಸಿ ಹೋ ಎಂದು ಅತ್ತಳು. ಆ ಅಂಗಳದಲ್ಲಿ ಅವತ್ತು ಮೊದಲು ಅತ್ತವಳು ಅವಳೇ.

"ಅದ್ಯಾಕೆ ಇಷ್ಟು ದೂರದಿಂದ ಬಂದವ್ಳೆ? ಅವಳ್ದೂ ಏನೋ ಇಲ್ಲೇ ಉಳ್ಕಂಡಿರ್ಬೇಕು," ಅಂದಳು ಒಬ್ಬಳು. "ಶಾಲಿನ ಒಳಗೇನಾದ್ರೂ ತಕ್ಕಂಡಾಳು, ನೋಡ್ತಿರು," ಅಂದಳು ಇನ್ನೊಬ್ಬಳು.

ಗುರುಪ್ರಕಾಶನಿಗೆ ಮಾತ್ರ ಬೇರೊಂದು ಯೋಚನೆ ಬಂತು. "ನೀವು ಕ್ಯಾಂಪಿನೋರಲ್ವಾ ಅಮ್ಮ? ಈ ಕಲ್ಲು ನಿಮ್ ಕಡೇದು. ಯಾವ್ದು ನಿಜವಾದ್ದು, ಯಾವ್ದು ಡೂಪ್ಲಿಕೇಟು, ಒಸಿ ನೋಡೇಳಿ."

ಡೋಲ್ಮಾ ಕಣ್ಣೊರೆಸಿಕೊಂಡು ಪುಟ್ಟಮಲ್ಲಮ್ಮನ ಹತ್ತಿರ ಹೋದಳು. ಪುಟ್ಟಮಲ್ಲಮ್ಮ ಪದಕವನ್ನು ಸರದಿಂದ ಬಿಚ್ಚಲಿಲ್ಲ, ಕುತ್ತಿಗೆ ಮುಂದೆ ಚಾಚಿ ತೋರಿಸಿದಳಷ್ಟೆ. ಡೋಲ್ಮಾ ಬಗ್ಗಿ ಹಸಿರು ಕಲ್ಲನ್ನು ಮೂಗಿನ ಹತ್ತಿರ ತಂದುಕೊಂಡು ನೋಡಿದಳು, ಹೆಬ್ಬೆರಳಿನಿಂದ ಸವರಿದಳು.

"ಇದು ಒಳ್ಳೇದು. ನಮ್ದು ಹಳೇ ಕಲ್ಲು. ನೋಡು, ನಂದು ಕೂಡ ಹಸಿರಾಗಿದೆ," ಎಂದು ತನ್ನ ಓಲೆ ಮುಟ್ಟಿಕೊಂಡಳು. "ಮೈ ಮೇಲೆ ಇದ್ರೆ ಹಿಂಗೆ ಆಗುತ್ತೆ. ಮನುಷ್ಯನ ಜೊತೆ ಅದಕ್ಕೂ ವಯಸ್ಸಾಗುತ್ತೆ."

ಅಂಗಳದಲ್ಲಿ ಗುಸುಗುಸು ಎದ್ದಿತು. ಮಧುಶ್ರೀಯ ಎದೆಯ ಮೇಲಿನ ಚಪ್ಪಡಿ ಸರಿದ ಹಾಗಾಯಿತು. ಮುಷ್ಟಿ ಬಿಡಿಸಿ ಉಂಗುರವನ್ನು ಡೋಲ್ಮಾಳ ಕೈಗೆ ಕೊಟ್ಟಳು. ಡೋಲ್ಮಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ರತ್ನಮ್ಮ ದಿನಾ ಬಿಚ್ಚಿ ಇಡ್ತಿತ್ತಾ?" ಎಂದು ಮೆಲ್ಲಗೆ ಕೇಳಿದಳು.

ಮಧುಶ್ರೀ ಹೂಂ ಅನ್ನಲು ಹೊರಟವಳು ನಿಂತಳು. ಇಲ್ಲ. ಅವ್ವ ಆ ಉಂಗುರವನ್ನು ಬಿಚ್ಚಿದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಸ್ನಾನಕ್ಕಿಲ್ಲ, ಹಿಟ್ಟು ನಾದುವಾಗಿಲ್ಲ, ಬೆಳ್ಳಿ ತೊಳೆಯುವ ಹುಳಿ ನೀರಿಗೆ ಕೈ ಹಾಕುವಾಗಲೂ ಇಲ್ಲ. ಅಂಗಡಿಯವರ ಒಡವೆಗಳಿಗೆಲ್ಲ ಹೊಳಪು ಕೊಡುವ ಮಗಳು ಒಮ್ಮೆ "ತಾ ಅವ್ವ, ನಿಂದೂ ತಿಕ್ಕಿಕೊಡ್ತೀನಿ" ಅಂದಿದ್ದಕ್ಕೆ ಅವ್ವ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದಳು. ಮಗು ಅಡಗಿಸಿಕೊಂಡ ಹಾಗೆ! ಆಗ ಮಧುಶ್ರೀ ನಕ್ಕಿದ್ದಳು. ಈಗ ಅವ್ವನ ಬರಿದಾದ ಬೆರಳಿನ ಕಡೆ ತಿರುಗಿ ನೋಡಿದಳು.

"ಇಲ್ಲ," ಅಂದಳು.

"ಬಿಚ್ಚದೆ ಇದ್ರೆ ನೀಲಿ ಇರಲ್ಲ," ಅಂದಳು ಡೋಲ್ಮಾ. ಮುಂದೆ ಏನೂ ಹೇಳದೆ ಉಂಗುರವನ್ನು ವಾಪಸು ಕೊಟ್ಟಳು.

ಹನ್ನೆರಡು ವರ್ಷ ಅವ್ವನ ಪಕ್ಕ ಕೂತು ದುಡಿದವಳಿಗೆ ಆ ಕ್ಷಣ ಅವ್ವನ ಮೇಲೇ ಅನುಮಾನ ಹುಟ್ಟಿತು. ಊರಿನ ಅನುಮಾನಕ್ಕಿಂತ ಅದು ಕೆಟ್ಟದ್ದು. ಮುಚ್ಚಿಟ್ಟುಬಿಡಲೇ ಅಂದುಕೊಂಡಳು. ಎದುರಿಗೆ ಮೊಬೈಲಿನ ಕಣ್ಣು, ಅದರ ಹಿಂದೆ ನೂರು ಕಣ್ಣು. ಹಾಳಾಗಿ ಹೋಗಲಿ, ತಿಳಿದೇ ಬಿಡಲಿ ಎಂದು ಒಳಗೆ ಹೋಗಿ ಸೂಜಿ ತಂದಳು. ಹೆಣದ ಮುಂದೆ ಉರಿಯುತ್ತಿದ್ದ ದೀಪಕ್ಕೆ ಸೂಜಿಯ ಮೊನೆ ಹಿಡಿದಳು.

"ಅಯ್ಯಯ್ಯೋ, ಆ ದೀಪದಲ್ಲಾ?" ಅಂದರು ರುದ್ರಸ್ವಾಮಿ.

"ಬುದ್ಧಿ, ಅವ್ವನ ಮಾನಕ್ಕೇ ಕಾಯಿಸ್ತಿರದು."

ಕೆಂಪಗೆ ಕಾದ ಸೂಜಿಯನ್ನು ಕಲ್ಲಿನ ಅಂಚಿಗೆ ತಾಗಿಸಿದಳು. ನಿಜವಾದ ಪಿರೋಜವಾಗಿದ್ದರೆ ಏನೂ ಆಗಬಾರದು. ಸೂಜಿ ಬೆಣ್ಣೆಗಿಳಿದಂತೆ ಇಳಿಯಿತು. ಸಣ್ಣ ಕರಿ ಹೊಗೆ ಎದ್ದಿತು. ಊದುಬತ್ತಿ, ಸೇವಂತಿಗೆ, ವಿಭೂತಿಯ ವಾಸನೆಗಳ ನಡುವೆ ಸುಟ್ಟ ಬಕೆಟ್ಟಿನ ನಾತ ಅಂಗಳವೆಲ್ಲ ಹರಡಿತು. ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

"ಪ್ಲಾಸ್ಟಿಕ್ಕು!" ಗುರುಪ್ರಕಾಶ್ ಮೊಬೈಲ್ ಇಳಿಸಿಬಿಟ್ಟ.

ಪುಟ್ಟಮಲ್ಲಮ್ಮ ಎದ್ದೇ ನಿಂತಳು. "ಮಾರ್ಕಂಡವ್ಳೆ! ನನ್ ಕಲ್ಲ ಮಾರ್ಕಂಡು, ನನ್ ಕಣ್ಣಿಗೆ ಮಣ್ಣೆರಚಕೆ ಇದ ಕೂರಿಸ್ಕಂಡವ್ಳೆ! ನಾ ಯೋಳ್ನಿಲ್ವಾ? ಇವತ್ತಿಗಾದ್ರೂ ನಂಬ್ತಿರೇನ್ರೋ?"

ನಂಬಿದರು. ಯಾಕೆ ನಂಬಬಾರದು? ಭಜನೆಯವನೊಬ್ಬ ಚಪ್ಪಲಿ ಹುಡುಕತೊಡಗಿದ. ಮಧುಶ್ರೀಗೆ ತಲೆ ಎತ್ತಲಾಗಲಿಲ್ಲ.

ಆಗ, ಬೆಳಿಗ್ಗೆಯಿಂದ ಕಂಬಕ್ಕೆ ಒರಗಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ ಸಿದ್ದಮಲ್ಲಪ್ಪ ಕೆಮ್ಮಿದ. ಪುಟ್ಟಮಲ್ಲಮ್ಮನ ಗಂಡ, ಎಂಬತ್ತೆರಡರ ಮುದುಕ. "ಇವಳ ಪದಕದ ಕಲ್ಲ ಬಿಚ್ರಿ," ಅಂದ.

"ನಂದ್ಯಾಕೆ?"

"ಅಪ್ಪ ಅವತ್ತು ಎರಡು ತುಂಡಿನ ಬೆನ್ನಿಗೂ ನನ್ ಕೈಲೇ ಅಕ್ಷರ ಗೀಚಿಸಿದ್ದ. ನಿಂದಕ್ಕೆ ಪು, ಅವಳ್ದಕ್ಕೆ ಶಿ. ಮುಂದೆ ಜಗಳ ಬಂದ್ರೆ ಇರಲಿ ಅಂತ. ಬಿಚ್ಚಿ ನೋಡ್ದ್ರೆ ಮುಗೀತು."

"ಇಷ್ಟು ವರ್ಷ ಯಾಕೆ ಯೋಳ್ನಿಲ್ಲ ದೊಡ್ಡಪ್ಪ?" ಮಧುಶ್ರೀಗೆ ಅಳು ಬಂತು.

"ಎಷ್ಟು ದಪ ಯೋಳೀನಿ! ಬಿಚ್ಚಕೆ ಮತ್ತೆ ಆ ಕಳ್ಳಿ ಕೈಗೇ ಕೊಡಬೇಕು, ಇರೋದನ್ನೂ ಎತ್ತಾಕಂಡಾಳು ಅಂತ ಇವಳು ಕತ್ತಿಂದ ತಗೀನೇ ಇಲ್ವಲ್ಲ."

ಪುಟ್ಟಮಲ್ಲಮ್ಮ ಮತ್ತೆ ಕುರ್ಚಿಯಲ್ಲಿ ಕೂತು ಪದಕವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. "ಕತ್ತು ಕೂದ್ರೂ ಕೊಡಕಿಲ್ಲ."

ಈಗ ಅಂಗಳದ ಕಣ್ಣೆಲ್ಲ ಅವಳ ಕಡೆ ತಿರುಗಿತು. ಜನದ ಅನುಮಾನಕ್ಕೆ ನಿಲ್ಲಲು ಒಂದು ಜಾಗ ಬೇಕು, ಯಾರ ಮನೆಯಾದರೂ ಸರಿ. "ಯಾಕೆ ಕೊಡಕಿಲ್ಲ ಅಂತಾಳೆ?" ಅಂದರು ಒಬ್ಬರು. "ಅವಳ ಹತ್ರವೇ ಏನೋ ಅದೆ," ಅಂದರು ಇನ್ನೊಬ್ಬರು. ಗುರುಪ್ರಕಾಶ್ ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತು, "ಕೊಟ್ಬುಡವ್ವ. ನೀನೇ ಬೇಕು ಅಂದಿದ್ದಲ್ವಾ ತೀರ್ಮಾನ," ಅಂದ. ಪುಟ್ಟಮಲ್ಲಮ್ಮ ಕುತ್ತಿಗೆ ಬಗ್ಗಿಸಿದಳು. ಮಗ ಸರ ತೆಗೆದ.

ಮಧುಶ್ರೀ ಅವ್ವನ ಹಲಗೆಯನ್ನೇ ಜಗಲಿಗೆ ತಂದು ಹಾಕಿಕೊಂಡಳು. ಕಲ್ಲಿನ ಸುತ್ತಲ ಬೆಳ್ಳಿಯ ಅಂಚನ್ನು ಸಣ್ಣ ಉಳಿಯಿಂದ ಎಬ್ಬಿಸುತ್ತ ಬಂದಳು. ಉಳಿ ಜಾರದಂತೆ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದಿದ್ದಳು. ಹಸಿರು ಕಲ್ಲು ಕಳಚಿ ಅಂಗೈಗೆ ಬಿತ್ತು. ಬೆವರು ತಾಗದ ಬೆನ್ನು ಇನ್ನೂ ನೀಲಿಯಾಗಿಯೇ ಇತ್ತು. ಅಕ್ಷರ ಓದದೆಯೇ ಅದನ್ನು ದೊಡ್ಡಪ್ಪನ ಕೈಗಿಟ್ಟಳು.

ಸಿದ್ದಮಲ್ಲಪ್ಪ ಕನ್ನಡಕ ಹಾಕಿಕೊಂಡು ಕಲ್ಲನ್ನು ಬಿಸಿಲಿಗೆ ತಿರುಗಿಸಿದ.

"ಶಿ," ಅಂದ. ಮತ್ತೊಮ್ಮೆ ನೋಡಿ, "ನನ್ ಕೈಬರಾನೇ. ಶಿ," ಅಂದ.

ಪುಟ್ಟಮಲ್ಲಮ್ಮನಿಗೆ ಓದು ಬರದು. "ಅಂದ್ರೆ?"

"ಅಂದ್ರೆ ನಿನ್ ಕತ್ತಲ್ಲಿ ಇಷ್ಟು ವರ್ಷ ಇದ್ದದ್ದು ಅವಳ ಕಲ್ಲು."

"ಮತ್ತೆ ನಂದೆಲ್ಲಿ?"

ಅದನ್ನೇ ಮಧುಶ್ರೀಯೂ ಕೇಳಿಕೊಳ್ಳುತ್ತಿದ್ದಳು. ಉಂಗುರ ಕೈಗೆತ್ತಿಕೊಂಡು ಅದರ ಅಂಚನ್ನೂ ಎಬ್ಬಿಸಿದಳು. ಪ್ಲಾಸ್ಟಿಕ್ ಚೂರು ಹಾರಿ ಬಿತ್ತು. ಅದರ ಹಿಂದೆ, ಬೆಳ್ಳಿಯ ಗುಳಿಯಲ್ಲಿ, ಕಲ್ಲು ಕೂರಿಸುವ ಅರಗಿನೊಳಗೆ ಒತ್ತಿಟ್ಟಿದ್ದ ಕಂದು ಕಂದು ಚೂರುಗಳಿದ್ದವು. ಸೂಜಿಯಿಂದ ಒಂದನ್ನು ಮೀಟಿ ತೆಗೆದಳು. ಒಂದು ಬದಿಯಲ್ಲಿ ಚೂರೇ ಚೂರು ನೀಲಿ ಉಳಿದಿತ್ತು.

ಕಲ್ಲಿನ ಕೆಲಸ ಮಾಡುವ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ. ಪಿರೋಜಕ್ಕೆ ಬೆಂಕಿ ತಾಗಿದರೆ ಹೀಗಾಗುತ್ತದೆ.

*

ನಲ್ಲಿಯ ಹತ್ತಿರದ ಜಗಳಕ್ಕೂ ನಾಲ್ಕು ವರ್ಷ ಮೊದಲು, ಒಂದು ಬೆಳಿಗ್ಗೆ ಪುಟ್ಟಮಲ್ಲಮ್ಮ ರೇಷ್ಮೆ ಸೀರೆ ಉಟ್ಟುಕೊಂಡು ಓಡುತ್ತ ಬಂದಿದ್ದಳು. ಪದಕದ ಕೊಂಡಿ ಮುರಿದಿತ್ತು.

"ಬ್ಯಾಗ ಬೆಸೆದುಕೊಡೆ ರತ್ನಿ. ಮುಡಿಗುಂಡದಲ್ಲಿ ಮದ್ವೆ, ಬಸ್ಸು ಬಂದುಬುಡ್ತದೆ."

"ಕಲ್ಲ ಬಿಚ್ಚಿ ಬೆಸೀಬೇಕು ಅಕ್ಕ. ಒಂದು ಗಂಟೆ ಆಯ್ತದೆ."

"ಒಂದು ಗಂಟೆಗೆ ತಾಳಿ ಕಟ್ಟಿ ಮುಗ್ದಿರ್ತದೆ. ಹಿರಿಸೊಸೆ ಬರೀ ಕತ್ತಲ್ಲಿ ಬಂದ್ಳು ಅಂತ ಆಡ್ಕಳಲ್ವಾ? ಅಂಗೇ ಒಂದು ಬೆಸುಗೆ ಹಾಕು, ಅದಕ್ಕೇನಾಯ್ತದೆ."

ಕಲ್ಲು ಕೊನೆಗೆ, ಬೆಂಕಿ ಮೊದಲು. ಕ್ಯಾಂಪಿನ ಮುದುಕ ಕಲಿಸಿದ ಮೊದಲ ಪಾಠವೇ ಅದು. ಆದರೂ ಅಕ್ಕ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಳು, ಬಸ್ಸಿನ ಹಾರನ್ನು ಕೇಳಿಸಿತು. ಶಿವರತ್ನಮ್ಮ ಕಲ್ಲಿಗೆ ಒದ್ದೆ ಬಟ್ಟೆ ಸುತ್ತಿ, ಕೊಂಡಿಗೆ ಬೆಂಕಿ ಊದಿದಳು. ಒಂದೇ ಉಸಿರು. ಚಟ್ ಎಂದಿತು.

"ಅದೇನೇ ಸದ್ದು?"

"ಏನಿಲ್ಲ ಅಕ್ಕ. ಬೆಸುಗೆ ಕೂರ್ನಿಲ್ಲ. ಇವತ್ತು ನನ್ ಸರ ಹಾಕ್ಕಂಡೋಗು, ನಾಳೆ ಕೊಡ್ತೀನಿ," ಅಂದು ಬಟ್ಟೆ ಬಿಚ್ಚದೆ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಅಕ್ಕ ಬೈದುಕೊಂಡು ಹೋದ ಮೇಲೆ ಬಿಚ್ಚಿ ನೋಡಿದಳು. ಕಲ್ಲು ಮೂರು ಚೂರಾಗಿ, ಹುರಿದ ಕಡಲೆಯ ಬಣ್ಣಕ್ಕೆ ತಿರುಗಿತ್ತು. ಬೆಂಕಿ ಊದಿ ಬದುಕುವ ವಿಧವೆ. ಮೊದಲ ಸಲ ನಂಬಿ ಒಡವೆ ಕೊಡುತ್ತಿದ್ದ ಊರು. ಕಲ್ಲು ಸುಟ್ಟಳು ಎಂದು ಒಬ್ಬರ ಕಿವಿಗೆ ಬಿದ್ದರೂ ನಾಳೆಯಿಂದ ಹಲಗೆ ಮಡಚಬೇಕು. ಅತ್ತಳು. ಆಮೇಲೆ ತನ್ನ ಉಂಗುರದ ಕಲ್ಲನ್ನು ಬಿಚ್ಚಿ ಅಕ್ಕನ ಪದಕಕ್ಕೆ ಕೂರಿಸಲು ಹೊರಟಳು. ಬೆನ್ನ ಮೇಲಿನ ಶಿ ಕಣ್ಣಿಗೆ ಬಿತ್ತು. ಉಜ್ಜಿ ಅಳಿಸಲು ಅರ ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಅಷ್ಟು ದೊಡ್ಡ ಸುಳ್ಳು ಅವಳಿಂದಾಗಲಿಲ್ಲ.

ತನ್ನ ಉಂಗುರಕ್ಕೆ, ಮಹದೇಶ್ವರ ಬೆಟ್ಟದ ಅಂಗಡಿಯಲ್ಲಿ ಮಗಳಿಗೆ ಕೊಡಿಸಿದ್ದ ಜಡೆ ಕ್ಲಿಪ್ಪಿನ ನೀಲಿ ಚೂರನ್ನು ತೇಯ್ದು ಕೂರಿಸಿದಳು. ಬಣ್ಣ ಬಿಡದ ಕಲ್ಲು! ಅದರ ಬಣ್ಣ ತಿರುಗುವುದಿಲ್ಲವೆಂಬುದೇ ಒಂದು ದಿನ ತನ್ನ ಕೊರಳಿಗೆ ಬರುತ್ತದೆಂದು ಅವಳಿಗೆ ಹೊಳೆಯಲಿಲ್ಲ. ಸ್ಕೂಲಿನಿಂದ ಬಂದ ಮಧುಶ್ರೀ ಕ್ಲಿಪ್ಪು ಹಿಡಿದು ರಂಪ ಮಾಡಿದಾಗ, "ಎಲ್ಲೋ ಉದುರೋಗದೆ ಬುಡು ಮಗ," ಅಂದಿದ್ದಳು.

*

"ಬೆಂಕಿ ತಗ್ಲಿರೋ ಕಲ್ಲು ಇದು ದೊಡ್ಡವ್ವ," ಮಧುಶ್ರೀ ಕಂದು ಚೂರನ್ನು ಅಂಗೈಯಲ್ಲಿಟ್ಟು ತೋರಿಸಿದಳು. "ಇದೇ ನಿಮ್ದು. ಯಾವಾಗ್ಲೋ ಬೆಸೆಯುವಾಗ ಸುಟ್ಟದೆ. ಅದಕ್ಕೇ ಅವ್ವ ತನ್ದ ನಿಮಗೆ ಹಾಕೊಟ್ಟವ್ಳೆ. ನಾನೂ ಈಗ್ಲೇ ನೋಡ್ತಿರದು."

"ಸುಳ್ಳು. ನಾನು ಯಾವಾಗ ಬೆಸೆಯಕ್ಕೆ ಕೊಟ್ಟಿದ್ದೆ?" ಅಂದಳು ಪುಟ್ಟಮಲ್ಲಮ್ಮ. ಅಂದವಳು ಬರಿದಾದ ಕೊರಳು ತಡವಿಕೊಂಡಳು. "ಮುಡಿಗುಂಡದ ಮದ್ವೆ," ಅಂದಳು, ಯಾರಿಗೂ ಅಲ್ಲ. "ಬಸ್ಸು ಬಂದ್ಬುಟ್ಟಿತ್ತು. ಚಟ್ ಅಂತು. ಅದೇನೇ ಸದ್ದು ಅಂತ ಕೇಳ್ದೆ."



ಮಂಡಿಯ ಮೇಲೆ ಕೈಯೂರಿಕೊಂಡು ಅವಳು ಜಗಲಿಯ ಎರಡು ಮೆಟ್ಟಿಲು ಹತ್ತಿದಳು. ಗುರುಪ್ರಕಾಶ್ ಹಿಡಿಯಲು ಹೋದರೆ ಕೈ ಕೊಡವಿದಳು. ಹೆಣದ ಎದುರು ಕೂತು, ಬೆಳಿಗ್ಗೆಯಿಂದ ಮೊದಲ ಸಲ ಅದರ ಮುಖ ನೋಡಿದಳು. ನೋಡಿ, ಹೆಣದ ಭುಜಕ್ಕೆ ಪಟಾರನೆ ಒಂದೇಟು ಹೊಡೆದಳು.

"ಬಾಯಿಗೇನು ಗೆದ್ಲು ಹಿಡ್ದಿತ್ತೇನೇ ಮೂದೇವಿ? ಅಕ್ಕ, ನಿನ್ ಕಲ್ಲು ಸುಟ್ಟೋಯ್ತು ಅಂತ ಒಂದ್ ಮಾತು ಅಂದಿದ್ರೆ ನಾನೇನು ನಿನ್ನ ನುಂಗ್ಬುಡ್ತಿದ್ನಾ?" ಮತ್ತೆ ಎತ್ತಿದ ಕೈಯನ್ನು ಹಾಗೇ ಇಳಿಸಿದಳು. "ನುಂಗೇ ಬುಡ್ತಿದ್ದೆ ಕಣೆ. ನುಂಗೇ ಬುಡ್ತಿದ್ದೆ. ಅದಕ್ಕೇ ಸುಮ್ಕಿದ್ಯಾ? ನಲ್ಲಿ ತಾವ ಅಷ್ಟು ಜನರ ಮುಂದೆ ಅಂದ್ನಲ್ಲೇ, ಆಗ್ಲೂ ಬುಡಬಾರ್ದಿತ್ತಾ ಬಾಯ? ನೀನು ನಂಗೆ ಕೊಟ್ಬುಟ್ಟು, ನನ್ ಕೈಲೇ ಕಳ್ಳಿ ಅನ್ನಿಸ್ಕಂಡ್ಯಲ್ಲೇ ರತ್ನಿ!"

ಮಧುಶ್ರೀ ಅವಳ ಬೆನ್ನ ಮೇಲೆ ಕೈಯಿಟ್ಟಳು. ಅಷ್ಟು ಹೊತ್ತು ಹಲ್ಲು ಕಚ್ಚಿ ಹಿಡಿದಿದ್ದ ಅವಳ ಅಳುವೂ ಆಗ ಕಟ್ಟೆಯೊಡೆಯಿತು. ದೊಡ್ಡವ್ವನ ಮೇಲೆ ಸಿಟ್ಟು ಇನ್ನೂ ಹೋಗಿರಲಿಲ್ಲ. ಇಪ್ಪತ್ತೆರಡು ವರ್ಷದ ಸಿಟ್ಟು ಒಂದು ಏಟಿಗೆ ಎಲ್ಲಿ ಹೋಗುತ್ತದೆ? ಆದರೂ ಕೈ ತೆಗೆಯಲಿಲ್ಲ.

ಚಪ್ಪಲಿ ಹುಡುಕಲು ಹೋಗಿದ್ದ ಭಜನೆಯವನು ವಾಪಸು ಬಂದು ತಾಳ ಎತ್ತಿಕೊಂಡ. ಹೊಲದಿಂದ ಗುಂಡಿ ಆಯಿತೆಂದು ಸುದ್ದಿ ಬಂತು. ರುದ್ರಸ್ವಾಮಿ ಬಂದು ಸತ್ತವಳ ಎಡ ಅಂಗೈಗೆ ಲಿಂಗವಿಟ್ಟು ಬಟ್ಟೆ ಕಟ್ಟಿದರು. ಬಿದಿರು ಕಟ್ಟಿ ಹೂವು ಹೊದಿಸಿದ ಕುರ್ಚಿಯಲ್ಲಿ ಶಿವರತ್ನಮ್ಮನನ್ನು ಕೂರಿಸಿದರು. ಮಧುಶ್ರೀಯ ಗಂಡ ಶಾಂತಮೂರ್ತಿ, ಗುರುಪ್ರಕಾಶ್, ಇನ್ನಿಬ್ಬರು ಬಿದಿರಿಗೆ ಕೈ ಹಾಕಿದರು.

ಪುಟ್ಟಮಲ್ಲಮ್ಮ ಮಾತ್ರ ಸತ್ತವಳ ಬಲಗೈ ಬಿಟ್ಟಿರಲಿಲ್ಲ.

"ಬುಡವ್ವ, ಹೆಗಲಿಗೆ ಎತ್ತಬೇಕು," ಅಂದ ಗುರುಪ್ರಕಾಶ್.

"ಎತ್ತು. ನಾನೇನು ಬ್ಯಾಡ ಅಂದ್ನಾ?"

"ನೀನು ಹಿಡ್ಕಂಡಿದ್ರೆ ಎಂಗೆ ಎತ್ತದು?"

ಉಂಗುರ ಕೂತಿದ್ದ ಬೆರಳಿನಲ್ಲಿ ಒಂದು ಗೆರೆಯಷ್ಟು ಜಾಗ ಬಿಸಿಲು ಕಾಣದೆ, ಹಸುಗೂಸಿನ ಚರ್ಮದಂತೆ ಬೆಳ್ಳಗೆ ಉಳಿದಿತ್ತು. ಅವಳು ಅದರ ಮೇಲೆ ಹೆಬ್ಬೆರಳು ಒತ್ತಿಕೊಂಡು ನಿಂತೇ ಇದ್ದಳು. ಗುರುಪ್ರಕಾಶ್ ಅವ್ವನ ಮುಖ ನೋಡಿದ, ಉಳಿದ ಮೂವರ ಮುಖ ನೋಡಿದ.

"ಹೆಗಲು ಬ್ಯಾಡ ಕಣ್ರಪ್ಪ. ಕೆಳಗೇ ಇಟ್ಕಳಿ," ಅಂದ.

ಕೊಳ್ಳೇಗಾಲದ ರಸ್ತೆ ದಾಟಿ ಹೊಲದವರೆಗೂ ನಾಲ್ಕು ಜನ ಗಂಡಸರು ಆ ಕುರ್ಚಿಯನ್ನು ಸೊಂಟದ ಮಟ್ಟಕ್ಕಿಂತ ಮೇಲೆತ್ತದೆ, ಬೆನ್ನು ಬಗ್ಗಿಸಿಕೊಂಡು, ಕೈ ಸೋತರೂ ಬಿಡದೆ, ಪಕ್ಕದಲ್ಲಿ ಕೈ ಹಿಡಿದು ಕುಂಟುತ್ತಿದ್ದ ಮುದುಕಿ ನಿಂತಲ್ಲೆಲ್ಲ ನಿಂತು ನಿಂತು ಹೊತ್ತರು.